ಕೋಡಿಯಮಠದ ಜಮಾಖರ್ಚು

ಕಾಲೇಜಿನ ವರ್ಷಾಚರಣೆ ಬಂತೆಂದರೆ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿ ಮೊದಲು ಹುಡುಕುವುದು ಸಂಸ್ಥೆಯ ಇತಿಹಾಸ ಬರೆಯುವವರನ್ನು. ಶಂಕುಸ್ಥಾಪನೆ ಮಾಡಿದವರು ಯಾರು, ಮೊದಲ ಪ್ರಾಚಾರ್ಯರು ಯಾರು, ಮೊದಲ ತಂಡದಲ್ಲಿ ಎಷ್ಟು ಮಕ್ಕಳಿದ್ದರು, ಕಟ್ಟಡಕ್ಕೆ ಜಾಗ ಕೊಟ್ಟ ದಾನಿ ಯಾರು, ಇಷ್ಟು ಸೇರಿದರೆ ಲೇಖನವಾಯಿತು. ವೇದಿಕೆಯ ಕಡೆ ನೋಡಿದರೆ ಪೂರ್ಣಕುಂಭ, ಡೊಳ್ಳು, ಭರತನಾಟ್ಯ, ಯಕ್ಷಗಾನ, ಸಾಂಪ್ರದಾಯಿಕ ಉಡುಗೆಯ ದಿನ, ಪರಂಪರೆಯ ಬಗ್ಗೆ ಒಂದು ಉಪನ್ಯಾಸ. ಸಂಚಿಕೆಯ ಇತಿಹಾಸ ಒಂದು ದಾರಿ, ವೇದಿಕೆಯ ಸಂಸ್ಕೃತಿ ಇನ್ನೊಂದು ದಾರಿ.

ಶಿಕಾರಿಪುರ, ಸೊರಬದ ಕಡೆಯ ಕಾಲೇಜುಗಳಿಗೆ ಮಾತ್ರ ಈ ಎರಡನ್ನೂ ಒಂದೇ ಕಡೆ ತರುವ ಅನುಕೂಲವಿದೆ. ಈ ಸೀಮೆಯ ಸಾಂಸ್ಕೃತಿಕ ಪರಂಪರೆಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದೇ ಒಂದು ವಿದ್ಯಾಸಂಸ್ಥೆ. ಅದರ ಮುಖ್ಯಸ್ಥರ ಪರಂಪರೆ, ಪಾಠಗಳ ಪಟ್ಟಿ, ಊಟಕ್ಕೆ ಬರುತ್ತಿದ್ದವರ ವಿವರ, ದಾನ ಕೊಟ್ಟವರ ಹೆಸರು ಕಲ್ಲಿನ ಮೇಲೆ ಇವತ್ತಿಗೂ ಓದಲು ಸಿಗುತ್ತವೆ. ಶಿರಾಳಕೊಪ್ಪಕ್ಕೆ ಹೊಂದಿಕೊಂಡಂತಿರುವ ಬಳ್ಳಿಗಾವಿಯ ಕೋಡಿಯಮಠ ಅದು. ‘ಪ್ರಾಚೀನ ಕಾಲದ ವಿಶ್ವವಿದ್ಯಾಲಯ’ ಎಂದು ಕರೆದು, ಕೈಮುಗಿದು, ಮುಂದಿನ ಕಾರ್ಯಕ್ರಮಕ್ಕೆ ಹೋಗಿಬಿಡುವುದು ಸುಲಭ. ಅದು ದಿನದಿನ ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ ಇಂದಿನ ಕಾಲೇಜಿಗೂ ದಕ್ಕುವಂಥ ಸಂಗತಿ ಸಿಗುತ್ತದೆ. ಆದ್ದರಿಂದ ಕಾಲೇಜಿನ ಚರಿತ್ರೆ ಬರೆಯುವ ಕ್ರಮದಲ್ಲೇ ಕೋಡಿಯಮಠದ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಊರು

ಬನವಾಸಿ ಹನ್ನೆರಡು ಸಾವಿರ ನಾಡಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವೆಯೇ ರಾಜಧಾನಿ. ಅಧಿಕಾರಿಗಳು, ದಂಡನಾಯಕರು, ವರ್ತಕರು, ಶಿಲ್ಪಿಗಳು, ಸನ್ಯಾಸಿಗಳು ಬಂದು ಸೇರುತ್ತಿದ್ದ ಪಟ್ಟಣ. 1047ರಲ್ಲಿ ಬನವಾಸಿಯನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯ ಇಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇವತ್ತಿಗೂ ಊರಿನ ನಡುವೆ ಇದೆ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಎರಡು ತಲೆಯ ಹಕ್ಕಿಯನ್ನು ನೋಡಿ ಬೆಳೆದ ಮಕ್ಕಳು ಈ ಕಂಬದ ತುದಿಯನ್ನು ಕತ್ತೆತ್ತಿ ನೋಡಿದರೆ ಬೆರಗಾಗುತ್ತಾರೆ. ಇಲ್ಲಿಯ ಭೇರುಂಡನಿಗೆ ಮನುಷ್ಯನ ಮೈ.

ಈ ಪಟ್ಟಣದಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಮಠಗಳಿದ್ದವೆಂದು ಶಾಸನ ಹೇಳುತ್ತದೆ. ಮಾತಿನ ಅಲಂಕಾರಕ್ಕೆ ಹೇಳಿದ್ದಿರಬಹುದೇ ಎಂದು ಅನುಮಾನಪಟ್ಟರೆ ಬೇರೆ ಕಲ್ಲುಗಳು ಸಾಕ್ಷಿಗೆ ನಿಲ್ಲುತ್ತವೆ. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಇಲ್ಲಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೂ ಭಿಕ್ಷುಗಳ ಊಟಕ್ಕೂ ದತ್ತಿ ಬಿಟ್ಟ. ಅದೇ ಕಾಲದಲ್ಲಿ ನಾಗಿಯಕ್ಕ ಎಂಬ ಬೌದ್ಧ ಮಹಿಳೆಯ ಹೆಸರೂ ಇಲ್ಲಿಯ ಶಾಸನದಲ್ಲಿ ಬರುತ್ತದೆ. ಮೂರು ವರ್ಷದ ನಂತರ, 1068ರಲ್ಲಿ, ‘ಸುಕುಮಾರಚರಿತೆ’ ಬರೆದ ಕವಿ ಶಾಂತಿನಾಥನ ಪ್ರೇರಣೆಯಿಂದ ಬಳ್ಳಿಗಾವೆಯ ಮರದ ಬಸದಿ ಕಲ್ಲಿನ ಬಸದಿಯಾಯಿತು. ಆ ಕವಿ ಬನವಾಸಿ ನಾಡಿನ ಆಡಳಿತದಲ್ಲಿ ಅಧಿಕಾರಿಯೂ ಆಗಿದ್ದ. ಹೀಗೆ ಒಂದೇ ಊರಿನಲ್ಲಿ, ಮೂರೇ ವರ್ಷದ ಅಂತರದಲ್ಲಿ, ಒಂದು ವಿಹಾರ ಹುಟ್ಟಿ ಒಂದು ಬಸದಿ ಕಲ್ಲಾಯಿತು. ಕೋಡಿಯಮಠ ಬೆಳೆದದ್ದು ಇಂಥ ಊರಿನಲ್ಲಿ. ಅದಕ್ಕೆ ಎದುರಾಳಿಗಳು ಅಕ್ಕಪಕ್ಕದ ಬೀದಿಯಲ್ಲೇ ಇದ್ದರು.

ಸುತ್ತಲ ನೆಲವೂ ವಿದ್ಯೆಗೆ ಹೊಸದೇನಲ್ಲ. ಬಳ್ಳಿಗಾವಿಯಿಂದ ಕೂಗಳತೆಗಿಂತ ತುಸು ಆಚೆ ತಾಳಗುಂದ. ಅಲ್ಲಿಯ ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಮೇಲೆ ಕುಬ್ಜ ಎಂಬ ಕವಿ ಬರೆದ ಶಾಸನದಲ್ಲಿ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ ಕಥೆಯಿದೆ. ಅಲ್ಲಿ ಪಲ್ಲವರ ಅಶ್ವಸೈನಿಕನೊಡನೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು, ಕದಂಬ ರಾಜ್ಯ ಕಟ್ಟಿದ್ದು ಶಾಲಾ ಪಠ್ಯದಲ್ಲೇ ಬರುವ ಸಂಗತಿ. ನಾಲ್ಕನೆಯ ಶತಮಾನದ ಆ ಹುಡುಗ ಹೆಚ್ಚಿನ ಓದಿಗಾಗಿ ನಾಡು ದಾಟಿ ಹೋಗಬೇಕಾಯಿತು. ಹನ್ನೆರಡನೆಯ ಶತಮಾನದ ಹೊತ್ತಿಗೆ ಅವನ ಊರಿನ ಪಕ್ಕಕ್ಕೇ ಹೊರನಾಡಿನವರು ಓದಲು ಬರುವಂತಾಗಿತ್ತು. ಈ ಬದಲಾವಣೆಯ ಕೇಂದ್ರದಲ್ಲಿ ಕೋಡಿಯಮಠ ಇದೆ.

ಮುಖ್ಯಸ್ಥರು

ಕೆರೆಯ ಕೋಡಿಯ ಬಳಿ ಇದ್ದದ್ದರಿಂದ ಕೋಡಿಯಮಠ. ಅದರ ದೇವರು ದಕ್ಷಿಣ ಕೇದಾರೇಶ್ವರ. ಈಗ ನಾವು ನೋಡುವ ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವೇ ಅದರ ಹೃದಯಭಾಗ. ಮಠದವರು ಕಾಳಾಮುಖ ಶೈವರು, ಅದರಲ್ಲೂ ಶಕ್ತಿಪರ್ಷೆಯ ಮೂವರ ಕೋಣೆಯ ಸಂತತಿಯವರು. ಕಾಳಾಮುಖರೆಂದರೆ ತಲೆಬುರುಡೆಯಲ್ಲಿ ಉಣ್ಣುವ, ಬೂದಿ ಬಳಿದುಕೊಳ್ಳುವ ಭಯಂಕರ ಜನ ಎಂಬ ಚಿತ್ರ ಅವರ ವಿರೋಧಿಗಳ ಗ್ರಂಥಗಳಿಂದ ಬಂದು ಬಹುಕಾಲ ಗಟ್ಟಿಯಾಗಿ ಉಳಿದಿತ್ತು. ಡೇವಿಡ್ ಲೊರೆನ್‌ಜನ್ ಎಂಬ ವಿದ್ವಾಂಸರು 1972ರಲ್ಲಿ ಕಾಪಾಲಿಕ, ಕಾಳಾಮುಖರ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ ಕರ್ನಾಟಕದ ಶಾಸನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬೇರೆಯದೇ ಚಿತ್ರ ಕಂಡಿತು. ಶಾಸನಗಳ ಕಾಳಾಮುಖರು ವ್ಯಾಕರಣ ಪಾಠ ಹೇಳುವವರು, ಕಟ್ಟಡ ದುರಸ್ತಿ ಮಾಡಿಸುವವರು, ಬಂದವರಿಗೆ ಅನ್ನ ಇಕ್ಕುವವರು. ಆ ಚಿತ್ರಕ್ಕೆ ಹೆಚ್ಚಿನ ಬಣ್ಣ ಒದಗಿಸಿದ್ದು ಬಳ್ಳಿಗಾವಿಯ ಕಲ್ಲುಗಳು.

ಮುಖ್ಯಸ್ಥರ ಸಾಲು ಸುಮಾರು ಒಂದು ಶತಮಾನದಷ್ಟು ಸ್ಪಷ್ಟವಾಗಿ ಸಿಗುತ್ತದೆ. ಕೇದಾರಶಕ್ತಿ, ಅವನ ಶಿಷ್ಯ ಶ್ರೀಕಂಠ, ಅವನ ಶಿಷ್ಯ ಸೋಮೇಶ್ವರ ಪಂಡಿತ. ಹನ್ನೊಂದನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದ ಮೊದಲ ಭಾಗದವರೆಗೆ ಮಠಕ್ಕೆ ಹೆಸರು ಬಂದದ್ದು ಈ ಸೋಮೇಶ್ವರನ ಕಾಲದಲ್ಲಿ. ಆಮೇಲೆ ವಾದಿವಿದ್ಯಾಭರಣ, ಗೌತಮ, ವಾಮಶಕ್ತಿ.

ಇವರಲ್ಲಿ ವಿದ್ಯಾಭರಣನ ಪ್ರಸಂಗ ಇಂದಿನ ಪ್ರಾಚಾರ್ಯರೆಲ್ಲ ಓದಬೇಕಾದದ್ದು. ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಠಕ್ಕೆ ದಾನ ಕೊಟ್ಟ ಸಂದರ್ಭದ ಶಾಸನದಲ್ಲಿ ಅದು ಬರುತ್ತದೆ. ಮಠದ ಉಸ್ತುವಾರಿಯಿಂದ ತನ್ನ ಓದಿನ ಸುಖಕ್ಕೆ ಅಡ್ಡಿಯಾಗುತ್ತದೆ ಎಂದುಕೊಂಡ ವಿದ್ಯಾಭರಣ, ಹಿರಿಯ ಶಿಷ್ಯ ಗೌತಮನಿಗೆ ಪಟ್ಟ ಒಪ್ಪಿಸಿಬಿಡುತ್ತಾನೆ. ಕಡತ, ಸಭೆ, ಅನುದಾನದ ಓಡಾಟಗಳ ನಡುವೆ ಪುಸ್ತಕ ಮುಟ್ಟಲು ಪುರುಸೊತ್ತಿಲ್ಲವೆಂದು ನಿಟ್ಟುಸಿರು ಬಿಡುವ ಅಧ್ಯಾಪಕರಿಗೆ ಒಂಬೈನೂರು ವರ್ಷದ ಹಿಂದೆಯೇ ಒಬ್ಬ ಪೂರ್ವಿಕನಿದ್ದ. ಅವನ ತೀರ್ಮಾನವನ್ನು ಕಲ್ಲಿನಲ್ಲಿ ಕೊರೆಯಿಸಿದವರು ಅದನ್ನು ಹೊಣೆಗೇಡಿತನ ಎನ್ನಲಿಲ್ಲ, ಗುಣವೆಂದೇ ಎಣಿಸಿದರು. ಆಡಳಿತಕ್ಕೂ ಅಧ್ಯಯನಕ್ಕೂ ಬೇರೆ ಬೇರೆ ಮನುಷ್ಯರು ಬೇಕಾಗಬಹುದು ಎಂಬ ತಿಳಿವಳಿಕೆ ಆ ಮಠಕ್ಕಿತ್ತು.

ಗೌತಮನ ನಂತರ ಬಂದ ವಾಮಶಕ್ತಿ ಈ ಸಾಲಿನಲ್ಲಿ ಹೆಚ್ಚು ಹೆಸರಾದವನು. ಅವನನ್ನು ಹೊಗಳುವ ಶಾಸನ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಮಹನೀಯನನ್ನು ಕರೆತರುತ್ತದೆ: ವ್ಯಾಕರಣಕ್ಕೆ ಪಾಣಿನಿ, ನಾಟ್ಯಕ್ಕೆ ಭರತ, ಕಾವ್ಯಕ್ಕೆ ಸುಬಂಧು, ಸಿದ್ಧಾಂತಕ್ಕೆ ಲಕುಲೀಶ. ಹೋಲಿಕೆ ಅತಿಯಾಯಿತೆನ್ನಿ. ಆದರೂ ಒಬ್ಬ ಮಠಾಧಿಪತಿಯ ಯೋಗ್ಯತೆಯನ್ನು ಅಳೆಯಲು ನಾಟ್ಯವನ್ನೂ ಕಾವ್ಯವನ್ನೂ ಅಳತೆಗೋಲಾಗಿ ಇಟ್ಟುಕೊಂಡದ್ದು ಗಮನಿಸಬೇಕಾದ ಮಾತು.

ಇನ್ನೊಂದು ಸಂಗತಿ. ಇಷ್ಟು ಜನ ಮುಖ್ಯಸ್ಥರು ಬಂದುಹೋಗುವಷ್ಟರಲ್ಲಿ ರಾಜಮನೆತನಗಳು ಮೂರು ಬದಲಾದವು. ಚಾಲುಕ್ಯರು ದಾನ ಕೊಟ್ಟರು. ಅವರ ಸಿಂಹಾಸನ ಕಸಿದ ಕಳಚುರಿ ಬಿಜ್ಜಳನೂ ಕೊಟ್ಟ. ಶತಮಾನದ ಕೊನೆಗೆ ಬಂದ ಹೊಯ್ಸಳ ಎರಡನೆಯ ಬಲ್ಲಾಳನ ಕಾಲದಲ್ಲೂ ಕೊಡುಗೆ ನಿಲ್ಲಲಿಲ್ಲ. ಸರ್ಕಾರ ಬದಲಾದಾಗ ಸಂಸ್ಥೆಯ ಹಣೆಬರಹವೂ ಬದಲಾಗುವುದನ್ನು ನಾವು ಕಂಡವರು. ಕೋಡಿಯಮಠ ಮಾತ್ರ ಯಾವ ರಾಜನಿಗೂ ತಾನು ಬೇಕು ಎನ್ನಿಸುವಂತೆ ಬಾಳಿತು.

1162ರ ಕಲ್ಲು ಮತ್ತು ಪಾಠಪಟ್ಟಿ

ಬಿಜ್ಜಳ ಎಂದ ಕೂಡಲೆ ನಮಗೆ ನೆನಪಾಗುವುದು ಕಲ್ಯಾಣ, ಬಸವಣ್ಣ, ಕ್ರಾಂತಿ. ಅದೇ ಬಿಜ್ಜಳ 1162ರಲ್ಲಿ ದಕ್ಷಿಣ ದಿಕ್ಕಿನ ದಂಡಯಾತ್ರೆಯ ನಡುವೆ ಬಳ್ಳಿಗಾವೆಯಲ್ಲಿ ಬೀಡುಬಿಟ್ಟ. ಆಗ ಬನವಾಸಿ ನಾಡಿನ ಅಧಿಕಾರಿಯಾಗಿದ್ದ ಕಸಪಯ್ಯ ನಾಯಕ ಕೋಡಿಯಮಠದ ಹಿರಿಮೆಯನ್ನು ಅರಿಕೆ ಮಾಡಿಕೊಂಡ. ಅದರ ಫಲವಾಗಿ ಬಂದ ದಾನವನ್ನು ದಾಖಲಿಸುವ ಶಾಸನವೇ ಇಂದು ಈ ಮಠದ ಬಗ್ಗೆ ಬರೆಯುವವರೆಲ್ಲ ಮೊದಲು ತೆಗೆದುಕೊಳ್ಳುವ ಕಲ್ಲು. ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನ.

ಅದು ಕೊಡುವ ಪಾಠಪಟ್ಟಿ ಹೀಗಿದೆ. ಅಂಗಸಹಿತವಾದ ನಾಲ್ಕು ವೇದಗಳು. ಕೌಮಾರ, ಪಾಣಿನೀಯ, ಶಾಕಟಾಯನದ ಶಬ್ದಾನುಶಾಸನ ಮುಂತಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು. ಲಾಕುಲ ಸಿದ್ಧಾಂತ, ಪಾತಂಜಲ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ.

ಈ ಪಟ್ಟಿಯಲ್ಲಿ ಎರಡು ಕಡೆ ಬೆರಳಿಟ್ಟು ನಿಲ್ಲಬೇಕು. ಶೈವ ಮಠದಲ್ಲಿ ಬೌದ್ಧ ದರ್ಶನ ಪಾಠವಾಗಿತ್ತು. ಶಾಕಟಾಯನ ಶಬ್ದಾನುಶಾಸನ ಬರೆದ ಪಾಲ್ಯಕೀರ್ತಿ ಜೈನ, ಅಮೋಘವರ್ಷ ನೃಪತುಂಗನ ಕಾಲದವನು. ಅಂದರೆ ಲಿಂಗಪೂಜೆಯ ಆವರಣದಲ್ಲಿ ಕುಳಿತ ಹುಡುಗರು ಜೈನ ಯತಿಯ ಸೂತ್ರಗಳನ್ನು ಉರುಹಾಕುತ್ತಿದ್ದರು. ಇದನ್ನು ‘ಸರ್ವಧರ್ಮ ಸಮನ್ವಯ’ ಎಂದು ಹಾಡಿಹೊಗಳಿ ಮುಗಿಸಿದರೆ ವಿಷಯದ ಖಾರ ಹೋಗಿಬಿಡುತ್ತದೆ. ಇದೇ ಬಳ್ಳಿಗಾವೆಯ ಪಂಚಲಿಂಗ ಮಠದ ಲಾಕುಲೀಶ್ವರ ಪಂಡಿತನನ್ನು 1036ರ ಶಾಸನ ಬೌದ್ಧರನ್ನೂ ಜೈನರನ್ನೂ ಮೀಮಾಂಸಕರನ್ನೂ ವಾದದಲ್ಲಿ ಗೆದ್ದವನೆಂದೇ ಕೊಂಡಾಡುತ್ತದೆ. ಅಲ್ಲಿ ಪೈಪೋಟಿ ಇತ್ತು, ಸೋಲು ಗೆಲುವು ಇತ್ತು. ಆದರೆ ಎದುರಾಳಿಯನ್ನು ಗೆಲ್ಲಬೇಕಾದರೆ ಅವನ ಗ್ರಂಥವನ್ನು ಅವನಷ್ಟೇ ಚೆನ್ನಾಗಿ ಓದಿರಬೇಕು ಎಂಬ ಶಿಸ್ತೂ ಇತ್ತು. ಓದದೆ ಜರಿಯುವ ರೂಢಿ ಆ ಪಾಠಶಾಲೆಯಲ್ಲಿ ನಡೆಯುತ್ತಿರಲಿಲ್ಲ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಪರಂಪರೆ ಬೇಕಿಲ್ಲ.

ಪಾಠದ ಪಟ್ಟಿ ಮುಗಿದ ಮೇಲೂ ಶಾಸನ ನಿಲ್ಲುವುದಿಲ್ಲ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು, ಹಂಸರು, ಪರಮಹಂಸರು, ನಾನಾ ದೇಶದ ಭಿಕ್ಷುಕರು, ಇವರಿಗೆಲ್ಲ ಅಡ್ಡಿಯಿಲ್ಲದೆ ಊಟ ಸಿಗುವ ಜಾಗ ಇದು ಎನ್ನುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗ ಎನ್ನುತ್ತದೆ. ಕೊನೆಗೆ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಎನ್ನುತ್ತದೆ. ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ, ಆಶ್ರಯ ಈ ನಾಲ್ಕೂ ಒಂದೇ ಬೇಲಿಯೊಳಗೆ. ವಿದ್ಯಾರ್ಥಿ ಹೊತ್ತಿಗೊಮ್ಮೆ ಊಟದ ಪಂಕ್ತಿಯಲ್ಲಿ ಕುರುಡನ ಪಕ್ಕದಲ್ಲೋ ಹಾಡುಗಾರನ ಪಕ್ಕದಲ್ಲೋ ಕೂರಬೇಕಾದ ಏರ್ಪಾಟು.

ಶಾಸನದ ಮಾತನ್ನು ಪೂರಾ ನಂಬಬೇಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಪ್ರಶಸ್ತಿ ಬರೆಯುವವನು ಇಂದಿನ ಕಾಲೇಜಿನ ಮಾಹಿತಿ ಪುಸ್ತಿಕೆ ಬರೆಯುವವನ ಹಾಗೆ ಒಳ್ಳೆಯದನ್ನೇ ಬರೆಯುತ್ತಾನೆ. ಅದಕ್ಕೇ ಹೊಗಳಿಕೆ ಮುಗಿದು ದಾನದ ವಿವರ ಶುರುವಾಗುವ ಕಡೆ ಹೆಚ್ಚು ಗಮನ ಕೊಡಬೇಕು. ಅಲ್ಲಿ ಭಾಷೆ ತಟ್ಟನೆ ಬದಲಾಗುತ್ತದೆ. ಸಂಸ್ಕೃತದ ಸಮಾಸಗಳು ಸರಿದು ಊರು, ಗಡಿ, ಕೆರೆ, ಮತ್ತರು ಲೆಕ್ಕದ ನೆಲ ಬರುತ್ತವೆ. ಈ ದತ್ತಿಯನ್ನು ಕಾಯ್ದವರಿಗೆ ಪುಣ್ಯ, ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ ಎಂಬ ಎಚ್ಚರಿಕೆಯೂ ಇಂಥ ಶಾಸನಗಳ ಕೊನೆಗೆ ಇರುತ್ತದೆ. ಹೊಗಳಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೂ ಗಡಿ ಗುರುತು ಹಾಕಿ ಕೊಟ್ಟ ನೆಲವನ್ನು ಕಡಿಮೆ ಮಾಡಿಕೊಳ್ಳಲಾಗದು.

ಖರ್ಚು

ಕಾಳಾಮುಖ ಮಠಗಳಿಗೆ ಕೊಟ್ಟ ದತ್ತಿಗಳಲ್ಲಿ ಖರ್ಚಿನ ಬಾಬುಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ. ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ಚೈತ್ರ ಮತ್ತು ಪವಿತ್ರದ ಪರ್ವಗಳು, ತಪಸ್ವಿಗಳ ಆಹಾರದಾನ, ವಿದ್ಯಾದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ಕೊನೆಯದೆಂದರೆ ಒಡೆದದ್ದು ಬಿರಿದದ್ದರ ದುರಸ್ತಿ. ಕಟ್ಟಡ ಕಟ್ಟಿದ ದಿನವೇ ಅದು ಮುಂದೊಂದು ದಿನ ಬಿರುಕು ಬಿಡುತ್ತದೆಂದು ಲೆಕ್ಕ ಹಾಕಿ ಹಣ ತೆಗೆದಿಟ್ಟವರು ಅವರು. ಉದ್ಘಾಟನೆಗೆ ಬರುವ ದಾನಿಗಳು ಸುಣ್ಣಬಣ್ಣಕ್ಕೆ ಬರುವುದಿಲ್ಲ ಎಂಬುದು ಎಲ್ಲ ಕಾಲೇಜುಗಳ ಗೋಳು. ಕೋಡಿಯಮಠದ ದಾನಿಗೆ ಎರಡೂ ಒಂದೇ ಪುಣ್ಯ.

ಇದೇ ರೀತಿಯ ಲೆಕ್ಕಾಚಾರ ನಾಡಿನ ಬೇರೆ ವಿದ್ಯಾಸ್ಥಾನಗಳಲ್ಲೂ ಕಾಣುತ್ತದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ 945ರಲ್ಲಿ ಕಟ್ಟಿಸಿದ ಶಾಲೆಗೆ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು, ದೀಪದ ಎಣ್ಣೆಗೆ 12 ನಿವರ್ತನ ನೆಲ ಬೇರೆಯಾಗಿ ಇತ್ತು. ಊರಿನಲ್ಲಿ ಮದುವೆಯಾದರೆ, ಉಪನಯನವಾದರೆ, ಚೌಲವಾದರೆ ಶಾಲೆಗೆ ಇಷ್ಟಿಷ್ಟು ಎಂದು ಕಾಣಿಕೆ ಗೊತ್ತಾಗಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದ ಓದುವ 200 ಮಕ್ಕಳ, ಶಾಸ್ತ್ರ ಓದುವ 52 ಮಕ್ಕಳ, ಅವರ ಉಪಾಧ್ಯಾಯರ ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರೂ ಬರುತ್ತಾರೆ. ಓಲೆಗರಿಯ ಭಂಡಾರ ನೋಡಿಕೊಳ್ಳುವವರು ಇವರು, ಇಂದಿನ ಗ್ರಂಥಪಾಲಕರ ಹಿರೀಕರು. ನಮ್ಮ ಪಕ್ಕದ ತಾಳಗುಂದದ ಅಗ್ರಹಾರದ ಹನ್ನೆರಡನೆಯ ಶತಮಾನದ ಶಾಸನದಲ್ಲಿ ವೇದ ವ್ಯಾಕರಣ ಹೇಳಿಕೊಡುವವರ ಸಾಲಿನಲ್ಲೇ ಕನ್ನಡ ಅಕ್ಷರ ಕಲಿಸುವವರಿಗೂ ಅಡುಗೆಯವರಿಗೂ ಪಾಲು ಇದೆ.

ದೀಪದ ಎಣ್ಣೆ, ಅಡುಗೆಯವರು, ಓಲೆ ಕಾಯುವವರು, ಬಿರುಕು ಮುಚ್ಚುವ ಗಾರೆ. ದೊಡ್ಡ ವಿದ್ಯಾಸ್ಥಾನಗಳು ನಿಂತದ್ದು ಇಂಥವುಗಳ ಮೇಲೆ. ಶಾಸನ ಬರೆಯಿಸಿದವರಿಗೆ ಇದು ಗೊತ್ತಿತ್ತು, ಅದಕ್ಕೇ ಇವನ್ನೆಲ್ಲ ಪಾಣಿನಿಯ ಜೊತೆಗೇ ಕಲ್ಲಿಗೆ ಏರಿಸಿದರು.

ರಂಗಭೋಗ

ಕಾಲೇಜಿನ ಸಾಂಸ್ಕೃತಿಕ ಕಾರ್ಯಕ್ರಮದ ಪ್ರಶ್ನೆ ಈಗ ಬರುತ್ತದೆ. ಕೋಡಿಯಮಠದಲ್ಲಿ ಹಾಡು, ಕುಣಿತ, ವಾದ್ಯ ವರ್ಷಕ್ಕೊಮ್ಮೆ ಬಂದುಹೋಗುವ ಸಂಜೆಯ ಸಂಭ್ರಮವಾಗಿರಲಿಲ್ಲ. ರಂಗಭೋಗ ಎಂಬ ಬಾಬಿನಲ್ಲಿ ಅದಕ್ಕೆ ಕಾಯಂ ವರಮಾನವಿತ್ತು. ಕಲಾವಿದರಿಗೆ ಮಠದ ಪಂಕ್ತಿಯಲ್ಲಿ ಊಟವಿತ್ತು. ಮುಖ್ಯಸ್ಥನಿಗೆ ಭರತಶಾಸ್ತ್ರ ಬರುತ್ತಿತ್ತು. ನಾಟಕ ಪಾಠದ ವಿಷಯವೇ ಆಗಿತ್ತು. ಕಲೆಗೂ ತರಗತಿಗೂ ನಡುವೆ ಗೋಡೆ ಇರಲಿಲ್ಲ.

ಅಲ್ಲಮಪ್ರಭು ಬಳ್ಳಿಗಾವೆಯವನು, ಇಲ್ಲಿಯ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವನು ಎಂಬ ನಂಬಿಕೆ ಈ ಹಿನ್ನೆಲೆಯಲ್ಲಿ ಅಚ್ಚರಿಯದಾಗಿ ಕಾಣುವುದಿಲ್ಲ. ಹರಿಹರ ಕವಿ ‘ಪ್ರಭುದೇವರ ರಗಳೆ’ಯಲ್ಲಿ ಕಮಲತೆಯ ಪ್ರೀತಿಯಲ್ಲಿ ಮುಳುಗಿದ ಮದ್ದಳೆಗಾರ ಅಲ್ಲಮನ ಕಥೆ ಹೇಳಿದ್ದಾನೆ. ವೇದ, ದರ್ಶನ, ಯೋಗಗಳ ವಾದ ದಿನವೂ ಕಿವಿಗೆ ಬೀಳುವ ಊರಿನಲ್ಲಿ ಬೆಳೆದ ವಾದ್ಯಗಾರ ಮುಂದೆ ಅನುಭವಮಂಟಪದ ಶೂನ್ಯಪೀಠದಲ್ಲಿ ಕುಳಿತು ಎಲ್ಲ ಶಾಸ್ತ್ರಗಳನ್ನೂ ಪ್ರಶ್ನೆ ಮಾಡಿದ. ಶಾಸ್ತ್ರವನ್ನು ಪ್ರಶ್ನಿಸುವವನು ಹುಟ್ಟುವುದು ಶಾಸ್ತ್ರ ಹದವಾಗಿ ಬೆಳೆದ ನೆಲದಲ್ಲೇ. ಅಕ್ಕಮಹಾದೇವಿಯ ಊರು ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನ ಉಡುಗಣಿಯ ಬಳಿ.

ಶಿಲ್ಪದ ಕಡೆಗೆ ಬಂದರೆ ಸಾಕ್ಷಿ ಇನ್ನೂ ಗಟ್ಟಿ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದಾಗ ಆ ದೇಗುಲದ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಪ್ರಮುಖರು. ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಯೇ ಬಂದಿದ್ದಾರೆ. ಅವರ ಕೈ ಪಳಗಿದ್ದು ಈ ಊರಿನಲ್ಲಿ. ಇಲ್ಲಿಯ ತ್ರಿಪುರಾಂತಕೇಶ್ವರ ಗುಡಿಯ ಮೇಲೆ ಪಂಚತಂತ್ರದ ಕಥೆಗಳ ಕೆತ್ತನೆಗಳಿವೆ. ಓದು ಬಾರದ ಮಗುವೂ ನಿಂತು ನೋಡುವ ಪಾಠ ಅದು.

ಈ ಚಿತ್ರದಲ್ಲಿ ಒಂದು ಕೊರತೆಯನ್ನು ಮುಚ್ಚಿಡಬಾರದು. ಊಟಕ್ಕೆ ಬರುವವರ ಪಟ್ಟಿ ಎಷ್ಟೇ ಉದ್ದವಿದ್ದರೂ ಪಾಠಕ್ಕೆ ಕೂರುವವರಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ. ದಾನ ಕೊಡುವ ಜಾಗದಲ್ಲಿ, ಆಳುವ ಜಾಗದಲ್ಲಿ ಮಾತ್ರ ಅವರು ಕಾಣುತ್ತಾರೆ. ಬಂದಳಿಕೆಯ ಶಾಸನದ ಜಕ್ಕಿಯಬ್ಬೆ ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನ ನಡೆಸಿದವಳು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಬಸದಿ ಕಟ್ಟಿಸಿದಾಗ ಅಲ್ಲಿಯ ಅಗ್ರಹಾರದ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯ ಎಂದು ಹೆಸರಿಟ್ಟರು. ನಾಗಿಯಕ್ಕನ ಮಾತು ಆಗಲೇ ಬಂತು. ಆಳಬಲ್ಲವಳಿಗೆ, ಕಟ್ಟಿಸಬಲ್ಲವಳಿಗೆ ಕಲಿಯುವ ಬಾಗಿಲು ತೆರೆದಿತ್ತೆಂದು ಕಲ್ಲು ಹೇಳುವುದಿಲ್ಲ. ಇವತ್ತು ಇದೇ ತಾಲ್ಲೂಕುಗಳ ತರಗತಿಗಳಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ. ಪರಂಪರೆಯನ್ನು ಮೀರಿದ ಜಾಗ ಇದು. ಸ್ಮರಣ ಸಂಚಿಕೆ ಅದನ್ನೂ ಬರೆಯಬೇಕು.

ಮರೆತದ್ದು, ಮತ್ತೆ ಓದಿದ್ದು

ಹದಿಮೂರನೆಯ ಶತಮಾನದಿಂದ ಆಚೆ ಬಳ್ಳಿಗಾವೆಯ ದನಿ ಸಣ್ಣದಾಗುತ್ತದೆ. ಹೊಯ್ಸಳ, ಸೇವುಣರ ಕಾದಾಟದಲ್ಲಿ ಈ ನಾಡು ಕೈಯಿಂದ ಕೈಗೆ ಹೋಯಿತು. ರಾಜಧಾನಿಗಳು ಬೇರೆ ಕಡೆ ಎದ್ದವು. ಶರಣರ ದಾರಿ ಬೆಳೆದಂತೆ ಕಾಳಾಮುಖರು ಹಿಂದೆ ಸರಿದರು. ಕೋಡಿಯಮಠದಲ್ಲಿ ಪಾಠ ನಿಂತ ದಿನವನ್ನು ಯಾರೂ ಕಲ್ಲಿನಲ್ಲಿ ಬರೆಯಲಿಲ್ಲ. ಸಂಸ್ಥೆಗಳ ಆರಂಭಕ್ಕೆ ಸಮಾರಂಭವಿರುತ್ತದೆ, ಕೊನೆಗೆ ಇರುವುದಿಲ್ಲ.

ಮತ್ತೆ ಓದು ಶುರುವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಫೋಟೋ ತೆಗೆದರು. ಬಿ.ಎಲ್. ರೈಸ್ ಅವುಗಳನ್ನು ಓದಿ ಅನುವಾದಿಸಿ 1879ರಲ್ಲಿ ಪುಸ್ತಕ ಮಾಡಿದರು. ಮುಂದೆ 1902ರಲ್ಲಿ ಅವರೇ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಒಟ್ಟಾಗಿ ಬಂದವು. ಆ ಬಳಿಕ ಕನ್ನಡದಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದು, ಶಾಸನವೆಂದರೆ ರಾಜರ ತಾರೀಕು ಮಾತ್ರವಲ್ಲ, ಶಾಲೆ, ಊಟ, ಹಬ್ಬ, ಬೇಸಾಯವೆಲ್ಲ ಅದರಲ್ಲಿದೆ ಎಂದು ತೋರಿಸಿಕೊಟ್ಟಿತು. ಕೇದಾರೇಶ್ವರ ಗುಡಿ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಶಾಸನದ ಪಡಿಯಚ್ಚು ತೆಗೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಮರು ಓದಿನ ಕಷ್ಟ ಅರ್ಥವಾಗುತ್ತದೆ. ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ತಿಕ್ಕಿ, ಅಕ್ಷರದ ಸಂದಿಯ ಪಾಚಿ, ಮಣ್ಣು ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಕಲ್ಲಿಗೆ ಹಚ್ಚುತ್ತಾರೆ. ಗಡುಸು ಕೂದಲಿನ ಬ್ರಷ್ ಹಿಡಿದು ಕಾಗದ ಪ್ರತಿ ಅಕ್ಷರದ ಗುಳಿಯೊಳಗೂ ಇಳಿಯುವ ತನಕ ಒಂದೇ ಹದದಲ್ಲಿ ಹೊಡೆಯುತ್ತಾರೆ. ಜೋರಾದರೆ ಹರಿಯುತ್ತದೆ, ಮೆಲ್ಲಗಾದರೆ ಅಕ್ಷರ ಮೂಡುವುದಿಲ್ಲ. ಕಾಗದ ಅರೆ ಒಣಗಿದಾಗ ಮಸಿ ತಾಗಿಸಿದ ಬಟ್ಟೆಯ ಉಂಡೆಯಿಂದ ತಟ್ಟುತ್ತಾರೆ. ಕಲ್ಲಿನ ಮೈ ಕಪ್ಪಾಗುತ್ತದೆ, ಗುಳಿಬಿದ್ದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬರಿಗಣ್ಣಿಗೆ ಕಾಣದ ಸಾಲು ಕಾಗದದ ಮೇಲೆ ಓದಲು ಬರುತ್ತದೆ. ಒಂದು ಕಲ್ಲಿಗೆ ಅರ್ಧ ದಿನವೇ ಹಿಡಿದರೂ ಹೆಚ್ಚಲ್ಲ.

ಉತ್ಸವಕ್ಕೆ ಏನು ಬೇಕು

ಕಾಲೇಜೊಂದು ತನ್ನ ವರ್ಷಾಚರಣೆಯನ್ನು ಸಾಂಸ್ಕೃತಿಕ ಪರಂಪರೆಯ ಹಬ್ಬವಾಗಿ ಆಚರಿಸಲು ಹೊರಟರೆ ಕೋಡಿಯಮಠದ ಲೆಕ್ಕದ ಬಾಬುಗಳನ್ನೇ ಕಾರ್ಯಕ್ರಮಪಟ್ಟಿ ಮಾಡಿಕೊಳ್ಳಬಹುದು.

ವಿದ್ಯಾದಾನದ ಲೆಕ್ಕದಲ್ಲಿ, ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ತಜ್ಞರ ಕೈಕೆಳಗೆ ಮಕ್ಕಳಿಗೆ ಶಾಸನ ಓದುವುದನ್ನು ಕಲಿಸುವ ಶಿಬಿರ. ಬಳ್ಳಿಗಾವಿ, ತಾಳಗುಂದ, ಬಂದಳಿಕೆ, ಕುಪ್ಪಟೂರು, ಇವಿಷ್ಟನ್ನೂ ಒಂದು ವಾರದಲ್ಲಿ ಸುತ್ತಿ ಬರಬಹುದು. ಹಳಗನ್ನಡ ಲಿಪಿಯ ಹತ್ತು ಅಕ್ಷರ ಗುರುತಿಸಲು ಬಂದ ವಿದ್ಯಾರ್ಥಿ ಮುಂದೆ ತನ್ನ ಊರಿನ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ಕಂಡರೆ ಸುಮ್ಮನಿರುವುದಿಲ್ಲ.

ರಂಗಭೋಗದ ಲೆಕ್ಕದಲ್ಲಿ, ಬೆಂಗಳೂರಿನಿಂದ ತಂಡ ಕರೆಸುವ ಹಣದಲ್ಲಿ ಒಂದು ಪಾಲನ್ನು ಈ ಸೀಮೆಯ ಡೊಳ್ಳಿನವರಿಗೆ, ಸೊರಬ ಸಾಗರದ ಗುಡಿಗಾರರಿಗೆ ಕೊಡಬಹುದು. ಗಂಧದ ಕೆತ್ತನೆಯವರು ವೇದಿಕೆಯಲ್ಲಿ ಶಾಲು ಹೊದ್ದು ಕೂರುವುದಕ್ಕಿಂತ ತರಗತಿಯಲ್ಲಿ ಉಳಿ ಹಿಡಿದು ಕೂತರೆ ಮಕ್ಕಳಿಗೆ ಹೆಚ್ಚು ಸಿಗುತ್ತದೆ. ದಾಸೋಜನ ವಾರಸುದಾರಿಕೆ ಅಲ್ಲಿದೆ.

ಆಹಾರದಾನದ ಲೆಕ್ಕದಲ್ಲಿ, ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಹೊಟ್ಟೆಗಿಲ್ಲದೆ ಪಾಠಕ್ಕೆ ಕೂರುವ ಹುಡುಗ ಹುಡುಗಿಯರಿಗೆ ಮಧ್ಯಾಹ್ನದ ಊಟ. ಸಮಾರಂಭದ ದಿನದ ಹೋಳಿಗೆ ಊಟವನ್ನು ಎಲ್ಲರೂ ನೆನೆಯುತ್ತಾರೆ. ಉಳಿದ ದಿನಗಳ ಅನ್ನಕ್ಕೆ ದತ್ತಿ ಬಿಟ್ಟವರನ್ನು ಶಾಸನಗಳು ನೆನೆಯುತ್ತವೆ.

ಜೀರ್ಣೋದ್ಧಾರದ ಲೆಕ್ಕದಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘ ಸೋರುವ ಗ್ರಂಥಾಲಯದ ಮಾಡು ಹೊದಿಸಬಹುದು. ಹೊಸ ಕಮಾನಿಗಿಂತ ಅದು ಹೆಚ್ಚು ಕಾಲ ಹೆಸರು ಹೇಳುತ್ತದೆ.

ಸಂಚಿಕೆಯ ಪುಟಗಳಲ್ಲೂ ಇದೇ ನ್ಯಾಯ ಇರಲಿ. ಅಧ್ಯಕ್ಷರ, ಮಂತ್ರಿಗಳ ಸಂದೇಶಗಳು ಮುಂದಿನ ಪುಟಗಳಲ್ಲಿ ಹೇಗೂ ಬರುತ್ತವೆ. ಜೊತೆಗೆ ಗಂಟೆ ಹೊಡೆದ ಜವಾನ, ಪ್ರಯೋಗಾಲಯದ ಸಹಾಯಕ, ಹಾಸ್ಟೆಲ್ಲಿನ ಅಡುಗೆಯವರು, ಪುಸ್ತಕಕ್ಕೆ ಬೈಂಡು ಹಾಕಿದವರು, ಸಂಬಳ ತಡವಾದ ತಿಂಗಳುಗಳಲ್ಲೂ ಪಾಠ ಬಿಡದ ಅತಿಥಿ ಉಪನ್ಯಾಸಕರು, ಇವರ ಹೆಸರೂ ಕೆಲಸ ಮಾಡಿದ ಅವಧಿಯೂ ಅಚ್ಚಾಗಲಿ. ಬಂದ ದಾನ ಎಷ್ಟು, ಯಾವುದಕ್ಕೆ ಖರ್ಚಾಯಿತು ಎಂಬ ಒಂದು ಪುಟದ ಜಮಾಖರ್ಚು ಇರಲಿ. ಕೋಡಿಯಮಠದ ಮೇಲೆ ಸುರಿದ ವಿಶೇಷಣಗಳನ್ನು ಇಂದು ಯಾರೂ ನೆನಪಿಟ್ಟುಕೊಂಡಿಲ್ಲ. ಅಲ್ಲಿ ಏನು ಓದಿಸಿದರು, ಯಾರು ಉಂಡರು, ಯಾರು ಕೊಟ್ಟರು ಎಂಬ ವಿವರವೇ ಆ ಸಂಸ್ಥೆಯನ್ನು ನಮ್ಮ ತನಕ ತಂದು ಮುಟ್ಟಿಸಿದೆ. ಮುಂದಿನವರು ನಮ್ಮ ಕಾಲೇಜುಗಳ ಬಗ್ಗೆ ಕೇಳುವುದೂ ಅಷ್ಟನ್ನೇ. ಅದನ್ನು ಇವತ್ತೇ ಸರಿಯಾಗಿ ಬರೆದಿಡುವುದು ನಮ್ಮ ಪಾಲಿನ ಕೆಲಸ.